ಕಣ್ಣು ಮುಚ್ಚಿಕೊಂಡು ಆಡಿದ ಜಗಳ

ನಾನೂ ನಮ್ಮ ಅತ್ತಿಗೆಯೂ ಒಂದು ಮಳೆಗಾಲ ಪೂರ್ತಿ ಜಗಳವಾಡಿದೆವು. ಅಷ್ಟು ದಿನದಲ್ಲಿ ಒಮ್ಮೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿರುಸಾದ ಮಾತು ಆಡಲಿಲ್ಲ. ಆಡಿದ್ದೆಲ್ಲ ದೇವರ ಹತ್ತಿರ. ಮಂಡಿಯೂರಿ, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿಕೊಂಡು.

ಇದು ಹೇಗೆ ಸಾಧ್ಯ ಎನ್ನುವವರಿಗೆ ನಮ್ಮ ಶನಿವಾರದ ಪ್ರಾರ್ಥನೆಯ ವಿಷಯ ಹೇಳಬೇಕು. ಚಾಮರಾಜನಗರದ ನಮ್ಮ ಸಭೆ ದೊಡ್ಡದೇನಲ್ಲ. ಭಾನುವಾರ ಎಲ್ಲರೂ ಬಂದರೂ ಚರ್ಚಿನ ಹಿಂದಿನ ಎರಡು ಬೆಂಚು ಖಾಲಿ ಉಳಿಯುತ್ತವೆ. ಶನಿವಾರ ಸಂಜೆ ಐದಕ್ಕೆ ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಎರಡು ಹಾಡು, ಬೈಬಲಿನಿಂದ ಒಂದು ವಾಕ್ಯಭಾಗ. ಆಮೇಲೆ ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರೂ ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕು. ಕೊನೆಗೆ ಉಪ್ಪಿಟ್ಟು, ಕಾಫಿ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಆಮೆನ್ ಅನ್ನಲೇಬೇಕು. ಪ್ರತಿವಾದಿಯ ವಕೀಲ ಎದ್ದು ನಿಲ್ಲಲಾಗದ ಕೋರ್ಟು ಅದು. ಇಂಥ ಅನುಕೂಲ ನಾಲಿಗೆ ಚುರುಕಿರುವವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನನ್ನ ನಾಲಿಗೆ ನನ್ನದಲ್ಲ, ತಾತನದು. ತಾತ ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಲ್ಲಿ ಉಪದೇಶಿಯಾಗಿ ನಡೆದು ನಡೆದು ಚಪ್ಪಲಿ ಸವೆಸಿದವರು. “ನಿಮ್ ತಾತ ಪ್ರಾರ್ಥನ ಮಾಡುದ್ರ ಕಟ್ಟಾಕಿದ್ ಹಸೂವೆ ಮೆಲುಕು ನಿಲ್ಸ್ಬುಟ್ಟು ಕೇಳ್ತಿತ್ತು ಕಣಮ್ಮಿ” ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಅರಿಶಿನದ ಮಂಡಿಯಲ್ಲಿ ಕೂಲಿ ಮಾಡಿದವಳು. ಅವಳ ಬಾಯಲ್ಲಿ ಗಾದೆ ಬಿಟ್ಟು ಬೇರೆ ಮಾತು ಬರುತ್ತಿದ್ದುದೇ ಕಡಿಮೆ. ಇವರಿಬ್ಬರ ಮಡಿಲಲ್ಲಿ ಕಲಿತ ಮಾತು, ಅದರ ಮೇಲೆ ಪುಣಜನೂರು ಕಡೆಯ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿ ಹಿಂದಿನ ಬೆಂಚಿಗೂ ಕೇಳುವಂತೆ ಬೆಳೆಸಿಕೊಂಡ ಗಂಟಲು. ನಾನು ಪ್ರಾರ್ಥನೆಗೆ ಬಾಯಿ ತೆರೆದರೆ ಚಾಪೆಯ ಮೇಲಿದ್ದವರೆಲ್ಲ “ಹೌದು ಕರ್ತನೇ, ಹೌದು ಕರ್ತನೇ” ಎಂದು ತೂಗುತ್ತಿದ್ದರು. ನಮ್ಮ ಪಾದ್ರಿ ಅಯ್ಯನವರು ಕೂಡ ಕಷ್ಟದ ಮನೆಗಳಿಗೆ ಹೋಗುವಾಗ “ಟೀಚರಮ್ಮನೂ ಬರಲಿ” ಎನ್ನುತ್ತಿದ್ದರು. ಹೊಗಳಿಕೆ ನನಗೆ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಇನ್ನು ಜಗಳದ ಮೂಲ. ನನ್ನ ಅಣ್ಣನಿಗೆ ಒಬ್ಬಳೇ ಮಗಳು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು ಅವಳೇ. ಹಾಡು ಎತ್ತಿಕೊಡುತ್ತಿದ್ದವಳು ನಾನು. ಹೋದ ವರ್ಷ ಬದನಗುಪ್ಪೆಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು. ದಿನವಿಡೀ ನಿಂತುಕೊಂಡು ಮಾಲು ಪರೀಕ್ಷಿಸುವ ಕೆಲಸ. ವಾರಕ್ಕೆ ಒಂದೇ ರಜೆ, ಭಾನುವಾರ. ಮೊದಲ ತಿಂಗಳು ಬಂದಳು. ಎರಡನೇ ತಿಂಗಳು ಒಂದು ವಾರ ಬಂದರೆ ಒಂದು ವಾರ ಇಲ್ಲ. ಮೂರನೇ ತಿಂಗಳಿಗೆ ಕೀಬೋರ್ಡಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಉಳಿಯಿತು.

ಚರ್ಚಿನ ಬಾಗಿಲಲ್ಲಿ ಕೈಕುಲುಕುತ್ತಾ ಒಬ್ಬೊಬ್ಬರೂ ಕೇಳತೊಡಗಿದರು, “ಎಲ್ಲಿ ಟೀಚರ್, ನಿಮ್ಮನೆ ಹುಡುಗಿ ಕಾಣಿಸ್ತಿಲ್ಲ?” ನಾನು “ಕೆಲಸ, ಕೆಲಸ” ಎಂದು ನಗುತ್ತಿದ್ದೆ. ಒಳಗೆ ಕುದಿಯುತ್ತಿತ್ತು.

ಒಂದು ಶನಿವಾರ ಪ್ರಾರ್ಥನೆ ಅಣ್ಣನ ಮನೆಯಲ್ಲೇ. ನನ್ನ ಸರದಿ ಬರುವ ಹೊತ್ತಿಗೆ ಬೀದಿಯಲ್ಲಿ ಕಂಪನಿ ಬಸ್ಸು ನಿಂತ ಸದ್ದಾಯಿತು. ಗೇಟು ಕಿರುಗುಟ್ಟಿತು. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದು. ಹುಡುಗಿ ಬಂದು ಬಾಗಿಲ ಪಕ್ಕ ಕುಳಿತಳೆಂದು ಮುಚ್ಚಿದ ಕಣ್ಣಿನಿಂದಲೇ ನನಗೆ ಗೊತ್ತಾಯಿತು. ಇದನ್ನು ಇವತ್ತು ಬರೆಯಲೇಬೇಕು: ಗೊತ್ತಾಗಿಯೇ ನಾನು ಆ ಮಾತು ಆಡಿದ್ದು.

“ಕರ್ತನೇ,” ಎಂದೆ, “ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನು ನೀನು. ಈ ಮನೆಯಿಂದಲೂ ಒಂದು ಮರಿ ಮಂದೆ ಬಿಟ್ಟು ಹೋಗಿದೆ ತಂದೆಯೇ. ಲೋಕದ ದುಡಿಮೆ ಅದನ್ನು ನಿನ್ನ ಸನ್ನಿಧಿಯಿಂದ ಎಳೆದೊಯ್ದಿದೆ. ಅದು ನುಡಿಸುತ್ತಿದ್ದ ವಾದ್ಯ ಮೂಕವಾಗಿದೆ...” ಅಲ್ಲಿಗೆ ನನ್ನ ಗಂಟಲು ಗದ್ಗದವಾಯಿತು. ಸುಳ್ಳು ಗದ್ಗದವಲ್ಲ, ನಿಜವಾದದ್ದೇ. ನನ್ನ ಮಾತು ನನಗೇ ಅಷ್ಟು ಚೆನ್ನಾಗಿ ಕೇಳಿಸಿತ್ತು.

ಎಲ್ಲರೂ ಆಮೆನ್ ಅಂದರು. ಬಾಗಿಲ ಕಡೆಯಿಂದ ಸದ್ದಿಲ್ಲ.

ಸರದಿ ದಾಟಿ ಅತ್ತಿಗೆಗೆ ಬಂತು. ಅತ್ತಿಗೆ ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆ. ಯಾವತ್ತೂ ಎರಡು ವಾಕ್ಯಕ್ಕಿಂತ ಹೆಚ್ಚು ಪ್ರಾರ್ಥಿಸಿದವಳಲ್ಲ. ಅವತ್ತು ಹೇಳಿದಳು: “ದೇವರೇ, ಬೇರೆಯವರ ಕಣ್ಣಲ್ಲಿರೋ ರವೆ ಹುಡುಕೋರಿಗೆ, ಅವರ ಕಣ್ಣಲ್ಲಿರೋ ತೊಲೆ ಎಷ್ಟುದ್ದ ಅದೆ ಅಂತ ನೀನೇ ಅಳತೆ ಹಾಕಿ ತೋರ್ಸಪ್ಪ. ಆಮೆನ್.”

ಅಣ್ಣ ಕೆಮ್ಮಿದ. ಉಪ್ಪಿಟ್ಟು ಬಂತು. ಏನೂ ನಡೆದೇ ಇಲ್ಲವೆನ್ನುವ ಹಾಗೆ ಎಲ್ಲರೂ ತಿಂದೆವು. ಅತ್ತಿಗೆ ನನ್ನ ತಟ್ಟೆಗೆ ಎರಡನೇ ಸಲ ಬಡಿಸಿದಳು ಕೂಡ.

ಹೀಗೆ ಶುರುವಾಯಿತು. ಮುಂದಿನ ವಾರ ನಾನು, “ಬುದ್ಧಿವಾದವನ್ನು ಸಹಿಸಲಾರದ ಹೃದಯಗಳನ್ನು ಮೆದುಮಾಡು” ಎಂದೆ. ಅವಳು, “ಸ್ವರ ಏರಿಸಿದರೆ ಮಾತ್ರ ನಿಂಗೆ ಕೇಳ್ತದೆ ಅಂದ್ಕೊಂಡಿರೋರಿಗೆ, ನಿನ್ನ ಕಿವಿ ಮಂದ ಇಲ್ಲ ಅಂತ ತಿಳಿಸು” ಎಂದಳು. ನಾನು ಮಕ್ಕಳನ್ನು ಭಯಭಕ್ತಿಯಲ್ಲಿ ಬೆಳೆಸಬೇಕಾದ ತಾಯಂದಿರಿಗಾಗಿ ಬೇಡಿದೆ. ಅವಳು, ಮಕ್ಕಳಿಲ್ಲದಿದ್ದರೂ ಮಕ್ಕಳನ್ನು ಬೆಳೆಸುವುದು ಹೇಗೆಂದು ಬಲ್ಲವರಿಗಾಗಿ ಸ್ತೋತ್ರ ಸಲ್ಲಿಸಿದಳು. ಅದು ನನಗೆ ಸರಿಯಾಗಿ ನಾಟಿತು. ನನಗೆ ಮಕ್ಕಳಿಲ್ಲ. ಶನಿವಾರಕ್ಕೆ ಜನ ಜಾಸ್ತಿಯಾದರು. ಸಭೆಯಲ್ಲಿ ಉಜ್ಜೀವನ ಬಂದಿದೆ ಎಂದು ಅಯ್ಯನವರು ಸಂತೋಷಪಟ್ಟರು, ಪಾಪ.

ಹುಡುಗಿ ಮಾತ್ರ ಆ ಮೊದಲ ಶನಿವಾರದ ಮೇಲೆ ಪ್ರಾರ್ಥನೆಗೂ ಇಲ್ಲ, ನನ್ನ ಮನೆಗೂ ಇಲ್ಲ. ಶನಿವಾರ ಕೆಲಸ ಮುಗಿದ ಕೂಡಲೇ ಗುಂಡ್ಲುಪೇಟೆಯಲ್ಲಿರುವ ತಾಯಿಯ ಕಡೆಯ ಅಜ್ಜಿಯ ಮನೆಗೆ ಬಸ್ಸು ಹತ್ತಿಬಿಡುತ್ತಿದ್ದಳು.

ನಮ್ಮ ಜಗಳಕ್ಕೆ ಮೊದಲು ಬಾಯಿ ಹಾಕಿದವರು ನಮ್ಮ ಸಭೆಯವರಲ್ಲ. ನನ್ನ ಮನೆಗೂ ಅಣ್ಣನ ಮನೆಗೂ ನಡುವೆ ಒಂದು ಮನೆಯಿದೆ. ಅಲ್ಲಿರುವ ದೊಡ್ಡವ್ವನ ಮನೆಯವರು ತಲೆತಲಾಂತರದಿಂದ ಇದೇ ಊರಿನ ಬೇಸಾಯಗಾರರು. ಶನಿವಾರ, ಸೋಮವಾರ ಎರಡೂ ದಿನ ತಲೆಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚುವ ಹೆಂಗಸು. ಆಕೆಯ ಜಗುಲಿಗೆ ಎರಡೂ ಮನೆಯ ಪ್ರಾರ್ಥನೆ ಚೆನ್ನಾಗಿ ಕೇಳುತ್ತದೆ. ಒಂದು ದಿನ ನಾನು ಹಾಲು ತರುವಾಗ ದೊಡ್ಡವ್ವ ತಡೆದು ನಿಲ್ಲಿಸಿತು.

“ಅಲ್ಲ ಕಣ್ ಟೀಚರಮ್ಮ, ಒಂದ್ ಮಾತ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ.”

“ಕೇಳು ದೊಡ್ಡವ್ವ.”

“ನೀವು ಅತ್ಗ ನಾದ್ನಿ ಇಬ್ರೂವೆ ನಿಮ್ ದ್ಯಾವ್ರ ಮುಂದ ಇಂಗೆ ಕಿತ್ತಾಡ್ತಿದ್ರ, ಆವಪ್ಪ ಯಾರ್ ಕಡೀಕ ನ್ಯಾಯ ಏಳ್ಬೇಕು? ಆವಪ್ಪನ ನಡುವ ಕೂರ್ಸಿಬುಟ್ಟು ನೀವು ಆಚಿಂದೀಚ್ಗ ಕಲ್ಲು ತೂರ್ತಿದ್ದೀರಲ್ಲ. ನಾವಾದ್ರೂ ಬೀದಿ ನಲ್ಲಿತಾವ ಬೈದಾಡ್ಕತೀವಿ, ದ್ಯಾವ್ರ ಮನಗ ತಕ್ಕೋಗಲ್ಲ ಕಣವ್ವ.”

ಹಾಲಿನ ಪಾತ್ರೆ ಹಿಡಿದುಕೊಂಡು ನಾನು ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತಿತು. ಆದರೂ ನನ್ನ ಕಡೆಯೇ ನ್ಯಾಯವಿದೆ ಎಂಬ ಧೈರ್ಯ ಹೋಗಿರಲಿಲ್ಲ. ಹುಡುಗಿಯ ಆತ್ಮದ ಮೇಲಿನ ಪ್ರೀತಿಗೆ ತಾನೇ ನಾನು ಮಾಡಿದ್ದು?

ಆಗ ಅತ್ತಿಗೆ ಮನೆಗೆ ಬಂದಳು. ಆ ಮಳೆಗಾಲದಲ್ಲಿ ಕಣ್ಣು ತೆರೆದುಕೊಂಡು ನನ್ನೊಡನೆ ಮಾತಾಡಲು ಬಂದದ್ದು ಅದೇ ಮೊದಲು. ನಿಂತೇ ಹೇಳಿದಳು.

“ಮಗಳ್ಗೆ ಗಂಡು ಗೊತ್ತಾಗಿದೆ. ಗುಂಡ್ಲುಪೇಟೆ ಕಡೆಯವರೇ. ಬರೋ ತಿಂಗಳು ಮನೇಲೇ ನಿಶ್ಚಯ. ನೀನು ಬರ್ಬೇಕು.”

“ಬರದೆ ಏನು ಅತ್ತಿಗೆ! ನಾನಿಲ್ಲದೆ ಆಗ್ತದಾ?”

“ಅದೇ ಹೇಳಕ್ಕೆ ಬಂದೆ. ಅತ್ತೆ ಬರ್ಲಿ, ಮುಂದೆ ಕೂತ್ಕೊಳ್ಳಲಿ, ಊಟ ಮಾಡ್ಲಿ, ಪ್ರಾರ್ಥನೆ ಮಾತ್ರ ಅವರು ಮಾಡೋದು ಬೇಡ ಅಂತ ಮಗಳು ಹೇಳಿದ್ಲು.”

ನಮ್ಮ ಮನೆತನದಲ್ಲಿ ನಿಶ್ಚಯದ ದಿನ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಮೊದಲ ಪ್ರಾರ್ಥನೆ ಮಾಡುವವಳು ಸೋದರತ್ತೆ. ಅಯ್ಯನವರದು ಆಮೇಲೆ. ನನ್ನ ತಲೆಯ ಮೇಲೆ ನನ್ನ ಅತ್ತೆ ಕೈಯಿಟ್ಟಿದ್ದರು. ಈ ಹುಡುಗಿ ಹುಟ್ಟಿದ ದಿನವೇ ಇವಳ ತಲೆ ನನ್ನ ಕೈಗೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವಳ ತಲೆಯ ಮೇಲೆ ಕೈಯಿಡುವ ಅರ್ಹತೆ ಹೋಯಿತೆಂದರೆ ನನ್ನ ಪಾಲಿಗೆ ಉಳಿಯುವುದೇನು?

“ಯಾಕಂತೆ?” ಎಂದೆ.

“ಅದ ಅವಳನ್ನೇ ಕೇಳು. ನಾನೂ ನೀನೂ ಪ್ರಾರ್ಥನೇಲಿ ಆಡಿ ಮುಗಿಸೋ ಮಾತಾ ಇದು?” ಎಂದು ಹೊರಟುಹೋದಳು.

ಬಾಗಿಲು ಹಾಕಿ ಮಂಡಿಯೂರಿದೆ. ದೇವರಿಗೆ ನನ್ನ ದೂರು ಒಪ್ಪಿಸಬೇಕು. “ಕೃಪಾಳುವಾದ ತಂದೆಯೇ” ಎಂದು ಶುರು ಮಾಡಿ ಒಂದೆರಡು ವಾಕ್ಯ ಚೆನ್ನಾಗಿ ಹೋದವು. ಒಂದು ಹೋಲಿಕೆ ಬಂತು, ಒಳ್ಳೆಯದೇ. ಅದನ್ನು ಹೇಳಿ ನಾನು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ? ಒಂದು ಕ್ಷಣ ನನಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. “ಹೌದು ಕರ್ತನೇ” ಎನ್ನುವವರಿಗಾಗಿ ಕಾಯುತ್ತಿದ್ದೆ. ಮನೆಯಲ್ಲಿ ನಾನೊಬ್ಬಳೇ, ಜೊತೆಗೆ ಫ್ರಿಜ್ಜಿನ ಗುರ್ ಸದ್ದು.

ಮಂಡಿ ನೋಯುವವರೆಗೂ ಹಾಗೇ ಇದ್ದೆ. ಮಾತಿಲ್ಲದೆ ದೇವರ ಮುಂದೆ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಕೂತಾಗ ಒಂದೊಂದೇ ಹೊರಬಂತು. ಹುಡುಗಿ ಚರ್ಚಿಗೆ ಬರದಿದ್ದರೆ ಅವಳಿಗೇನಾಗುತ್ತದೋ ಎಂಬ ಚಿಂತೆ ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಬೊಗಸೆಯಲ್ಲಿ ಒಂದು ಚಿಟಿಕೆ. ಉಳಿದದ್ದೆಲ್ಲ ಬೇರೆ. ಬಾಗಿಲಲ್ಲಿ ಕೇಳುವವರ ಮುಂದೆ ನನ್ನ ಮುಖ ಉಳಿಯಬೇಕಿತ್ತು. ಆ ಮನೆಯಲ್ಲಿ ಭಕ್ತಿ ಇರುವವಳು ನಾನೊಬ್ಬಳೆಂದು ಜನಕ್ಕೆ ಕಾಣಬೇಕಿತ್ತು. ಇನ್ನೂ ಕೆಳಗೆ, ಹೇಳಲು ನಾಚಿಕೆಯಾಗುವಂಥದ್ದು: ಕೀಬೋರ್ಡಿಲ್ಲದೆ ನನ್ನ ಶ್ರುತಿ ಜಾರುತ್ತಿತ್ತು, ಅದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ಬೇಯಿಸಿ ಒಣಗಿಸಿದ ಅರಿಶಿನವನ್ನು ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಸಿಪ್ಪೆ ಹೋಗಿ ಚಿನ್ನದಂತೆ ಹೊಳೆಯುತ್ತದೆ. “ಒಳಪು ಮಂಡಿಯವ್ನ ಕಣ್ಗ ಕಣಮ್ಮಿ. ಸಾರ್ಗ ಆಕುದ್ರ ಎಲ್ಡೂ ಒಂದೇಯ.”

ನಂಬಿಕೆ ಅಲುಗಿತೇ ಎಂದು ಯಾರಾದರೂ ಕೇಳಬಹುದು. ಇಲ್ಲ. ನನ್ನ ಜೀವನದಲ್ಲಿ ಅವತ್ತಿನಷ್ಟು ಖಚಿತವಾಗಿ ದೇವರು ಎದುರಿಗೆ ಇದ್ದದ್ದು ಕಡಿಮೆ. ಇಷ್ಟು ದಿನ ನಾನು ಮಾತಾಡುತ್ತಲೇ ಇದ್ದೆ, ಆತ ಕೇಳುತ್ತಲೇ ಇದ್ದ. ಅವತ್ತು ನಾನು ಸುಮ್ಮನಾದೆ. ಏನು ಮಾಡಬೇಕೆಂದು ಗೊತ್ತಾಗಲು ಬಹಳ ಹೊತ್ತು ಹಿಡಿಯಲಿಲ್ಲ.

ಹುಡುಗಿ ಸಿಗುವುದು ಭಾನುವಾರ ಮಾತ್ರ. ಆದ್ದರಿಂದ ಭಾನುವಾರ ಬೆಳಿಗ್ಗೆ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ, ಅಣ್ಣನಿಗೆ ಮಾತ್ರ ಹೇಳಿ, ನಾನು ಗುಂಡ್ಲುಪೇಟೆ ಬಸ್ಸಿನಲ್ಲಿದ್ದೆ. ಕಾಯಿಲೆ ಬಿಟ್ಟರೆ ಬೇರೆ ಕಾರಣಕ್ಕೆ ಆರಾಧನೆ ತಪ್ಪಿಸಿದ್ದು ನೆನಪಿರುವ ಮಟ್ಟಿಗೆ ಅದೇ ಮೊದಲು. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲ, ಕೇರಳಕ್ಕೆ ಹೋಗುವ ಮೂಟೆಗಳು. ನಾನು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಹುಡುಗಿಯ ಮುಂದೆ ಏನು ಹೇಳಬೇಕೆಂದು ವಾಕ್ಯ ಕಟ್ಟುತ್ತಿದ್ದೆ.

ಅತ್ತಿಗೆಯ ತಾಯಿ ಜಗುಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದರು.

“ಏನವ್ವಾ, ಇವತ್ತು ಭಾನುವಾರ ಅಲ್ವ? ಚರ್ಚು ಸುಟ್ಟುಗಿಟ್ಟು ಓಯ್ತಾ?”

“ಇಲ್ಲ ಕಣತ್ತೆ. ಹುಡುಗಿ ನೋಡ್ಬೇಕಿತ್ತು.”

“ನೋಡು. ಎಬ್ಬಿಸ್ಬ್ಯಾಡ. ಆರ್ ದಿನ ನಿಂತ ಕಾಲು, ಇವತ್ತೊಂದಿನ ಮಲಗ್ತದೆ.”

ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು. ಹೊದಿಕೆಯಿಂದ ಪಾದಗಳು ಹೊರಗಿದ್ದವು. ಕಣಕಾಲಿನ ಹತ್ತಿರ ಊತ, ಅದರ ಮೇಲೆ ಸಾಕ್ಸಿನ ಎಲಾಸ್ಟಿಕ್ಕಿನ ಗುರುತು ಕೆಂಪಗೆ. ಆ ಪಾದಗಳನ್ನು ಅವಳು ಮಗುವಾಗಿದ್ದಾಗ ನಾನು ಎಣ್ಣೆ ಹಚ್ಚಿ ನೀವಿದ್ದೆ. ಲೋಕದ ದುಡಿಮೆ ಎಂದು ಅಷ್ಟು ಚೆಂದವಾಗಿ ಹೇಳಿದ್ದೆನಲ್ಲ, ಅದು ಹೀಗಿರುತ್ತದೆಂದು ಅಲ್ಲಿಯವರೆಗೆ ನೋಡಿರಲಿಲ್ಲ.

ಹೊರಗೆ ಬಂದು ನಾನೂ ಬೆಳ್ಳುಳ್ಳಿ ಬಿಡಿಸಲು ಕೂತೆ. ಎರಡು ಗಂಟೆ ಕೂತೆ. ನಡುವೆ ಮುದುಕಿ ನನ್ನನ್ನು ತಿವಿದರು.

“ತುಟಿ ಆಡ್ತಾ ಅದೆ. ಯಾರ್ಗ ಏನ ಏಳ್ತಿದ್ದೀಯೆ?”

“ಅವಳ್ಗೆ ಏನು ಹೇಳ್ಬೇಕು ಅಂತ ಜೋಡ್ಸ್ಕೊತಿದ್ದೀನಿ.”

“ಜೋಡ್ಸುದ್ದು ಸಾಕು ಬುಡು. ಜೋಡ್ಸಿಜೋಡ್ಸಿನೇ ಇಲ್ಲೀಗಂಟ ಬಂದಿರಾದು.”

ಹುಡುಗಿ ಎದ್ದು ಮುಖ ತೊಳೆದು ಬಂದು, ಟವೆಲ್ ಹೆಗಲ ಮೇಲೆ ಹಾಕಿಕೊಂಡು, ನನ್ನ ಎದುರಿಗೆ ಕಂಬಕ್ಕೆ ಒರಗಿದಳು. ಬಸ್ಸಿನಲ್ಲಿ ಕಟ್ಟಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ.

“ತಪ್ಪಾಯ್ತು ಕಣಮ್ಮಿ” ಎಂದೆ.

“ಯಾವ್ದು ಅತ್ತೆ? ಸರಿಯಾಗಿ ಹೇಳಿ. ಕ್ವಾಲಿಟಿ ಚೆಕಿಂಗ್‌ನಲ್ಲಿ ನಾವು ‘ತಪ್ಪಿದೆ’ ಅಂತ ಬರೆದ್ರೆ ಒಪ್ಪಲ್ಲ. ಎಲ್ಲಿ, ಏನು ಅಂತ ಬರೀಬೇಕು.”

“ನೀನು ಬಾಗಿಲ ಹತ್ರ ಕೂತದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ನಿನಗೋಸ್ಕರ ಅಂದದ್ದಲ್ಲ. ಅವರೆಲ್ಲ ಕೇಳ್ಲಿ ಅಂತ.”

ನಾನು ಉಳಿದದ್ದನ್ನೂ ಹೇಳಿದೆ, ಮುಖದ ವಿಷಯ, ಭಕ್ತಿಯ ವಿಷಯ. ಕೊನೆಯದನ್ನು ನುಂಗಿಕೊಂಡೆ. ಅವಳೇ ಎತ್ತಿಕೊಟ್ಟಳು.

“ನಾನಿಲ್ದೆ ಎರಡನೇ ಚರಣದಲ್ಲಿ ನಿಮ್ಮ ಶ್ರುತಿ ಕೆಳಗೆ ಹೋಗುತ್ತಲ್ಲ, ಅದೂ ಸೇರಿಸಿ.”

“ಅದೂ ಸೇರ್ತು ಬುಡು” ಎಂದೆ.

ನಕ್ಕಳು. ನಕ್ಕ ಮೇಲೆ ಕಣ್ಣು ತುಂಬಿತು. “ಅವತ್ತು ಅಡುಗೆಮನೇಲಿ ಒಬ್ರು ನಂಗೆ ಕಾಫಿ ಕೊಡ್ತಾ ‘ದೇವರು ಕ್ಷಮಿಸ್ತಾನೆ, ಹೆದರ್ಬೇಡ’ ಅಂದ್ರು ಅತ್ತೆ. ನಾನು ಏನ್ ಮಾಡಿದ್ದೆ? ಗಂಡಿನ ಮನೆವರ್ಗೂ ಹೋಗಿದೆ ಮಾತು. ‘ಹುಡುಗಿಗೆ ಏನೋ ಆಗಿದೆಯಂತೆ, ಅವರತ್ತೆನೇ ಅತ್ಕೊಂಡು ಪ್ರಾರ್ಥನೆ ಮಾಡಿದ್ರಂತೆ’ ಅಂತ ಅವರಮ್ಮ ಅಜ್ಜೀನ ಕೇಳಿದ್ದಾರೆ.”

ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ಉಳಿಯಿತು. “ಆಮೇಲೆ?”

“ಹುಡುಗ ನೇರ ಫೋನ್ ಮಾಡಿ ಕೇಳ್ದ. ಭಾನುವಾರ ಮಲಗ್ತೀನಿ, ಅಷ್ಟೇ ಆಗಿರೋದು ಅಂದೆ. ನಾನೂ ಮಲಗ್ತೀನಿ, ನಮ್ಮಮ್ಮಂಗೆ ಹೇಳ್ಬೇಡ ಅಂದ.”

ಮುದುಕಿ ಬಿದ್ದು ಬಿದ್ದು ನಕ್ಕರು. “ಸರೋಯ್ತು, ಇಬ್ರೂವೆ ಸೇರ್ಕೊಂಡು ಮಲೀಕಳಿ!”

ಹುಡುಗನ ತಾಯಿಯ ಮನೆ ಎರಡೇ ಬೀದಿಯ ಆಚೆ. ಮಧ್ಯಾಹ್ನ ಊಟಕ್ಕೆ ಮೊದಲೇ ಹೋದೆ. ಹುಡುಗಿಗೆ ಏನೂ ಆಗಿಲ್ಲ, ಅವಳು ದುಡಿದು ದಣಿದಿದ್ದಳು, ಬಾಯಿ ತಪ್ಪಿದ್ದು ನನ್ನದು ಎಂದೆ. ಅಷ್ಟು ಚಿಕ್ಕ ಭಾಷಣ ನಾನು ಎಂದೂ ಮಾಡಿರಲಿಲ್ಲ. ಆಕೆ ಮಜ್ಜಿಗೆ ಕೊಟ್ಟರು.

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಹುಡುಗಿಯೇ ಬಂದಳು. ನಾನು ಪ್ರಾರ್ಥನೆಯ ಮಾತೆತ್ತಲಿಲ್ಲ. ಕೇಳಿ ಪಡೆಯುವುದಾದರೆ ಇಷ್ಟು ದೂರ ಬಂದದ್ದೂ ಇನ್ನೊಂದು ನಾಟಕವೇ ಆಗುತ್ತದೆ ಎನಿಸಿತು. ಬಸ್ಸು ಹೊರಡುವಾಗ ಅವಳೇ ಕಿಟಕಿಯ ಹತ್ತಿರ ಬಂದಳು.

“ಅತ್ತೆ, ನಿಶ್ಚಯದ ದಿನ ನೀವೇ ಮಾಡಿ.”

ನನಗೆ ಗಂಟಲು ಕಟ್ಟಿತು. ಈ ಸಲ ಚೆಂದವಾಗಿ ಅಲ್ಲ.

“ಆದ್ರೆ ಒಂದು ಕಂಡೀಷನ್. ಕಣ್ಣು ಬಿಟ್ಕೊಂಡು ಮಾಡ್ಬೇಕು. ನನ್ನ ಮುಖ ನೋಡ್ಕೊಂಡು.”

“ಕಣ್ಣು ಬಿಟ್ಕೊಂಡು ಯಾರು ಪ್ರಾರ್ಥನೆ ಮಾಡ್ತಾರಮ್ಮಿ?”

“ನೀವು ಮಾಡ್ತೀರ.”

ಚಾಮರಾಜನಗರಕ್ಕೆ ಬಂದಿಳಿದು ಮನೆ ಸೇರಿದಾಗ ಅತ್ತಿಗೆ ನನ್ನ ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ಚರ್ಚಿನಲ್ಲಿ ಎಲ್ಲರೂ ನನ್ನ ವಿಷಯವೇ ಕೇಳಿದರಂತೆ. ಟೀಚರ್ ಯಾಕೆ ಬಂದಿಲ್ಲ, ಏನಾಯಿತು ಎಂದು. ಒಬ್ಬರು ಎದ್ದು ನನಗಾಗಿ ಪ್ರಾರ್ಥನೆ ಮಾಡಬೇಕೆಂದೂ ಅಂದರಂತೆ. “ನಾನೇ ಮಾಡ್ಬುಟ್ಟೆ” ಎಂದಳು.

ನಾನು ಹೆದರಿದೆ. “ಏನಂತ?”

“ತೆರಕಣಾಂಬಿ ಬಸ್ನಲ್ಲಿ ಸೀಟು ಸಿಗ್ಲಿ ಅಂತ.”

“ಸಿಕ್ತು ಅತ್ತಿಗೆ” ಎಂದೆ. ನಾವಿಬ್ಬರೂ ಬಾಗಿಲಲ್ಲೇ ನಿಂತು, ಮುಖ ನೋಡಿಕೊಂಡು, ಬಾಕಿಯಿದ್ದ ಜಗಳವನ್ನೆಲ್ಲ ಜೋರಾಗಿ ಆಡಿ ಮುಗಿಸಿದೆವು. ಮಕ್ಕಳ ಮಾತು ಎತ್ತಿದ್ದಕ್ಕೆ ಅವಳು ಕೈ ಹಿಡಿದು ತಪ್ಪೊಪ್ಪಿದಳು. ಪಕ್ಕದ ಜಗುಲಿಯಿಂದ ದೊಡ್ಡವ್ವ, “ಇದು ಸರಿ ಕಣ್ರವ್ವ, ಇಂಗೇ ಆಡಿ!” ಎಂದಿತು.

ನಿಶ್ಚಯದ ದಿನ ಮನೆ ತುಂಬಿತ್ತು. ದೊಡ್ಡವ್ವ ಬಾಗಿಲ ಪಕ್ಕ, ಹುಡುಗಿ ಆ ಶನಿವಾರ ಕೂತಿದ್ದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಕೂತಿತ್ತು. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ನಾನು ಹುಡುಗಿಯ ತಲೆಯ ಮೇಲೆ ಕೈಯಿಟ್ಟೆ. ಅವಳು ಕತ್ತೆತ್ತಿ ನನ್ನ ಕಣ್ಣನ್ನೇ ನೋಡಿದಳು.

ಮನೆಯಿಂದ ತಂದಿದ್ದ ಮಾತುಗಳು ಆ ಕಣ್ಣಿನ ಮುಂದೆ ನಿಲ್ಲಲಿಲ್ಲ. ಅವಳನ್ನು ನೋಡುತ್ತಾ ಹೇಳಬಹುದಾದದ್ದಷ್ಟೇ ಉಳಿಯಿತು. “ತಂದೆಯೇ, ಇವಳ ಕಾಲಿಗೆ ಬಲ ಕೊಡು. ಭಾನುವಾರ ನಿದ್ದೆ ಕೊಡು. ಇವಳ ಕೈ ಹಿಡಿಯುವವನು ಇವಳನ್ನು ನೇರವಾಗಿಯೇ ಕೇಳುವವನಾಗಿರಲಿ. ಆಮೆನ್.”

ಮುಗಿದದ್ದೇ ಗೊತ್ತಾಗದೆ ಜನ ಒಂದು ಕ್ಷಣ ಕಾದರು. ಹುಡುಗಿ ಮಾತ್ರ ಕೂಡಲೇ, ನಗುತ್ತಾ, ಆಮೆನ್ ಅಂದಳು. ಕಣ್ಣು ತೆರೆದೇ ಇದ್ದದ್ದರಿಂದ ನನಗೆ ಇನ್ನೊಂದೂ ಕಂಡಿತು. ಅವಳ ಹಿಂದೆ ನಿಂತಿದ್ದ ಅತ್ತಿಗೆ, ಸೆರಗಿನ ಅಂಚಿನಿಂದ, ಒಂದು ಕಣ್ಣು ಬಿಟ್ಟುಕೊಂಡು ಮೊದಲಿನಿಂದಲೂ ನನ್ನನ್ನೇ ಕಾವಲು ಕಾಯುತ್ತಿದ್ದಳು.